ಯಾರೂ ಗಮನಿಸಲಿಲ್ಲ ಅಂತ ಬರೆದಿದ್ದೀಯಲ್ಲ

ಚಿ. ಪುಟ್ಟನಿಗೆ ಮೈಸೂರಿನಿಂದ ಮಾಮನ ಆಶೀರ್ವಾದ.

ಮನೆಯ ಸಮಾಚಾರವೆಲ್ಲ ನಿಮ್ಮಮ್ಮ ದಿನಾ ಫೋನಲ್ಲಿ ಹೇಳ್ತಾಳೆ, ಅದನ್ನೇ ಮತ್ತೆ ಬರೆದು ಕಾಗದ ದಂಡ ಮಾಡಲ್ಲ. ವಾಟ್ಸಾಪಲ್ಲಿ ಎರಡು ಪದ ಒತ್ತೋಕೂ ಸೋಮಾರಿಯಾದವನು ನಾಲ್ಕು ಪುಟ ಕೈಯಲ್ಲಿ ಬರೆದು ಅಂಚೆಗೆ ಹಾಕಿದ್ದೀಯ ಅಂದಾಗಲೇ ನನಗೆ ಗಾಬರಿಯಾಯ್ತು. ಮೂರು ಪುಟ ಓದೋವರೆಗೂ ಏನೂ ಇರಲಿಲ್ಲ. ನಾಲ್ಕನೇದರ ಕೊನೇಲಿ, ಜಾಗ ಸಾಲದೆ ಅಂಚಿಗೆ ತಿರುಗಿಸಿ ನಿಮ್ಮ ಬ್ಯಾಂಡಿನ ವಿಷಯ ಬರೆದಿದ್ದೆಯಲ್ಲ: "ಡ್ರಮ್ಮರ್ ಬಿಟ್ಟುಹೋದ, ಹೊಸಬ ಬಂದ, ಪ್ರೋಗ್ರಾಂ ಚೆನ್ನಾಗೇ ಆಯ್ತು. ಯಾರೂ ಗಮನಿಸಲೇ ಇಲ್ಲ ಮಾಮ. ನಾಳೆ ನಾನು ಹೋದರೂ ಹೀಗೇ ಅಲ್ವಾ?"

ಒಂದು ವಾರದಿಂದ ಆ ಸಾಲು ಬಿಡ್ತಿಲ್ಲ. ಬೆಳಿಗ್ಗೆ ಹಾಲು ತರೋಕೆ ಹೋದರೂ ಅದೇ, ರಾತ್ರಿ ಮಾತ್ರೆ ನುಂಗುವಾಗಲೂ ಅದೇ.

ಸಮಾಧಾನ ಹೇಳೋಣ ಅಂತಲೇ ಪೆನ್ನು ಹಿಡಿದದ್ದು. ನೀನೇ ನನಗೆ ಪೆನ್‌ಡ್ರೈವಲ್ಲಿ ತುಂಬಿಕೊಟ್ಟೆಯಲ್ಲ, ಥರ್ಮಲ್ ಅಂಡ್ ಎ ಕ್ವಾರ್ಟರ್ ಅನ್ನೋ ರಾಕ್ ಬ್ಯಾಂಡಿನ ಹಾಡು, ಅವರ ಕತೆಯೇ ನೆನಪಾಯ್ತು. 1996ರಲ್ಲಿ ಬೆಂಗಳೂರಿನ ಕಾಲೇಜು ಹುಡುಗರು ಕಟ್ಟಿದ್ದು. ಹೆಸರೇ ಒಂದು ತಮಾಷೆ: ಥರ್ಮಲ್ ಅಂದರೆ ತ್ರೀ ಮಲ್, ಅಂದರೆ ಮೂರು ಜನ ಮಲಯಾಳಿಗಳು, ಮೇಲೊಬ್ಬ ಕಾಲು ಮಲಯಾಳಿ. ತಲೆ ಎಣಿಸಿ ಇಟ್ಟ ಹೆಸರು! ಆಮೇಲೆ ಆ ತಲೆಗಳೇ ಬದಲಾದವು. ಬ್ರೂಸ್ ಲೀ ಮಣಿ ಗಿಟಾರು ಬಿಡಲಿಲ್ಲ, ರಾಜೀವ್ ರಾಜಗೋಪಾಲ್ ಡ್ರಮ್ಸ್ ಬಿಟ್ಟು ಏಳಲಿಲ್ಲ. ಬೇಸ್ ಗಿಟಾರು ಮಾತ್ರ ರೂಡ್ ಡೇವಿಡ್ ಕೈಯಿಂದ ಪ್ರಕಾಶ್ ಅವರ ಕೈಗೆ, ಅಲ್ಲಿಂದ ಲೆಸ್ಲಿ ಚಾರ್ಲ್ಸ್ ಕೈಗೆ ಹೋಯ್ತು. ಲೆಕ್ಕ ತಪ್ಪಿಹೋದರೂ ಹೆಸರು ಹಾಗೇ ಉಳೀತು. 2012ರಲ್ಲಿ ಮೂರೇ ಜನ ಸೇರಿ ಮೂರು ಡಿಸ್ಕಿನ ಆಲ್ಬಂ ತಂದರು, 28 ಹಾಡು. ಆಟೋಗೂ ಮೂರೇ ಚಕ್ರ ತಾನೆ, ಬೆಂಗಳೂರೆಲ್ಲ ಸುತ್ತಲ್ವಾ?

ಇಷ್ಟು ಬರೆದು ಓದಿ ನೋಡಿದೆ. ಸಮಾಧಾನ ಹೇಳೋ ಬದಲು ಗಾಯಕ್ಕೆ ಉಪ್ಪು ಸವರಿದ ಹಾಗಾಯ್ತು. ನೀನು ನುಡಿಸೋದೂ ಬೇಸೇ. ಬದಲಾದದ್ದೂ ಬೇಸ್ ಜಾಗವೇ. ಹೊಡೆದುಹಾಕೋಣ ಅಂದುಕೊಂಡೆ, ಆದರೆ ನಿನಗೆ ಗೊತ್ತಿಲ್ಲದ್ದೇನಲ್ಲ, ಇರಲಿ ಅಂತ ಬಿಟ್ಟೆ.

ಹಾಗೆ ನೋಡಿದರೆ ಇಂಗ್ಲೆಂಡಿನ ರಾಕ್ ಬ್ಯಾಂಡ್ ಡೀಪ್ ಪರ್ಪಲ್‌ನಲ್ಲೂ ಮೊದಲಿನಿಂದ ಇವತ್ತಿನವರೆಗೆ ಇರೋನು ಡ್ರಮ್ಮರ್ ಇಯಾನ್ ಪೇಸ್ ಒಬ್ಬನೇ. ಬೇಸ್ ನುಡಿಸ್ತಿದ್ದ ರೋಜರ್ ಗ್ಲೋವರ್‌ನ 1973ರಲ್ಲಿ ಹೊರಗೆ ಕಳಿಸಿದರು. ಅವನ ಜಾಗಕ್ಕೆ ಗ್ಲೆನ್ ಹ್ಯೂಸ್ ಬಂದ, 1976ಕ್ಕೆ ಬ್ಯಾಂಡೇ ಮುರಿದುಬಿತ್ತು. 1984ರಲ್ಲಿ ಮತ್ತೆ ಕಟ್ಟುವಾಗ ಕರೆದದ್ದು ಅದೇ ಗ್ಲೋವರ್‌ನ. 2001ರಲ್ಲಿ ಅವರು ಬೆಂಗಳೂರಿಗೆ ಬಂದರು, ಅವರಿಗಿಂತ ಮುಂಚೆ ವೇದಿಕೆ ಹತ್ತಿದ್ದು ನಿನ್ನ ಥರ್ಮಲ್ ಹುಡುಗರೇ. ಟಿಕೆಟ್ ತರಿಸ್ತೀನಿ ಅಂತ ಆಫೀಸಿನ ಗೆಳೆಯ ಒಬ್ಬ ಹೇಳಿದ್ದ. ಈ ವಯಸ್ಸಲ್ಲಿ ಯಾಕೆ ಅಂತ ನಾನೇ ಹೋಗಲಿಲ್ಲ. ಹೊರಗೆ ಹಾಕಿಸಿಕೊಂಡು ಹನ್ನೊಂದು ವರ್ಷದ ಮೇಲೆ ವಾಪಸ್ಸು ಬಂದವನು ಹೇಗೆ ನಿಲ್ತಾನೆ ಅಂತ ಒಂದು ಸಲ ಕಣ್ಣಾರೆ ನೋಡಬೇಕಿತ್ತು.

ಆದರೆ ನನ್ನ ನಿದ್ದೆ ಕೆಡಿಸಿದ್ದು ಇದ್ಯಾವುದೂ ಅಲ್ಲ ಪುಟ್ಟ. ನಿಮ್ಮಮ್ಮನಿಗೂ ಹೇಳಿಲ್ಲ.

1979ರ ಗಣೇಶನ ಹಬ್ಬ. ನಮ್ಮ ಗುಂಪಲ್ಲಿ ಐದು ಜನ. ಸಿನಿಮಾ ಹಾಡು ಹದಿನೈದಾದರೆ ಹಠಕ್ಕೆ ಎರಡು ಇಂಗ್ಲಿಷ್ ಹಾಡು. ನನ್ನದು ಕಲ್ಕತ್ತದ ಗಿವ್ಸನ್ ಕಂಪನಿಯ ಬೇಸ್, ಸೆಕೆಂಡ್ ಹ್ಯಾಂಡು. ನಮ್ಮ ಡ್ರಮ್ಮರ್ ತಾಳದಲ್ಲಿ ಒಂಚೂರು ಹಿಂದೆ ಬೀಳ್ತಿದ್ದ. ನಾಲ್ಕನೇ ಪೆಟ್ಟು ಯಾವಾಗಲೂ ಒಂದು ಕೂದಲೆಳೆ ತಡ. ಹಾಡೋನಿಗೆ ಅದು ಕಿರಿಕಿರಿ. ಗೌರಿ ಹಬ್ಬಕ್ಕೆ ನಾಲ್ಕು ದಿನ ಇದ್ದಾಗ ಬೇರೆ ಹುಡುಗನ್ನ ಹಾಕೋಣ ಅಂತ ತೀರ್ಮಾನವಾಯ್ತು. ಅವನಿಗೆ ಹೇಳೋದು ಯಾರು? ನೀನು ಹೇಳು, ನೀನು ಹೇಳು ಅಂತ ಯಾರೂ ಹೇಳಲಿಲ್ಲ. ಅವನ ಮನೆ ಇದ್ದದ್ದು ನಮ್ಮ ಬೀದಿಯಲ್ಲೇ. ಹೇಳಬೇಕಾಗಿದ್ದವನು ನಾನು.

ಪೆಂಡಾಲಿಗೆ ಅವನು ಸೈಕಲ್ಲಲ್ಲಿ ಬಂದ. ಕ್ಯಾರಿಯರ್ ಮೇಲೆ ಸ್ನೇರ್ ಡ್ರಮ್ಮು, ಸೈಕಲ್ ಟ್ಯೂಬಲ್ಲಿ ಬಿಗಿದು ಕಟ್ಟಿದ್ದು. ಟ್ಯೂಬ್ ಬಿಚ್ಚುತ್ತಾ ತಲೆ ಎತ್ತಿ ವೇದಿಕೆ ನೋಡಿದ. ಅವನ ಸ್ಟೂಲ್ ಮೇಲೆ ಬೇರೆ ಹುಡುಗ ಕೂತಿದ್ದ. ನಾನು ತಲೆ ಬಗ್ಗಿಸಿ, ಶ್ರುತಿ ಸರಿಯಾಗೇ ಇದ್ದ ತಂತೀನ ಮತ್ತೆ ಬಿಗಿ ಮಾಡಿದೆ, ಮತ್ತೆ ಸಡಿಲ ಮಾಡಿದೆ. ಕಣ್ಣೆತ್ತಿದಾಗ ಅವನು ಬಿಚ್ಚಿದ ಟ್ಯೂಬನ್ನ ಮತ್ತೆ ಸುತ್ತುತ್ತಿದ್ದ.

ಪ್ರೋಗ್ರಾಂ ಜೋರಾಗೇ ಆಯ್ತು. ನಿನ್ನ ಮಾತೇ, ಯಾರೂ ಗಮನಿಸಲಿಲ್ಲ. ಶಿಳ್ಳೆ ಬಿತ್ತು, ಒನ್ಸ್ ಮೋರ್ ಅಂದರು. ಹೊಸ ಹುಡುಗ ಗಡಿಯಾರದ ಥರ ನೆಟ್ಟಗೆ ಬಾರಿಸಿದ. ಹಿಂದೆ ಬಿದ್ದವನು ನಾನು. ಎರಡು ವರ್ಷ ಆ ಕೂದಲೆಳೆ ತಡಕ್ಕೆ ನನ್ನ ಬೆರಳು ಒಗ್ಗಿಹೋಗಿತ್ತು. ಪ್ರತಿ ನಾಲ್ಕನೇ ಪೆಟ್ಟಿಗೆ ಅವನಿಗೋಸ್ಕರ ಕಾಯ್ತಿದ್ದೆ, ಅವನು ಇರಲಿಲ್ಲ. ಬೇಸ್‌ಗೂ ಡ್ರಮ್ಮಿಗೂ ಇರೋ ನಂಟು ಹೊರಗಿನವರಿಗೆ ಕೇಳಿಸೋದಲ್ಲ ಮಗೂ, ನಿನಗೆ ನಾನು ಹೇಳಬೇಕಾ? ನಿಮ್ಮ ಡ್ರಮ್ಮರ್ ಹೋದದ್ದನ್ನ ಯಾರೂ ಗಮನಿಸಲಿಲ್ಲ ಅಂತೀಯ. ಹಾಗಾದರೆ ನಾಲ್ಕನೇ ಪುಟದ ಅಂಚಲ್ಲಿ ಬರೆದದ್ದು ಯಾರು?

ಎಷ್ಟೋ ವರ್ಷದ ಮೇಲೆ ದೇವರಾಜ ಮಾರ್ಕೆಟ್ಟಲ್ಲಿ ಅವನನ್ನ ಕಂಡೆ, ವೀಳ್ಯದೆಲೆ ಎಣಿಸಿಕೊಳ್ತಿದ್ದ. ನಾನು ಹೂವಿನ ಸಾಲಿಗೆ ತಿರುಗಿಬಿಟ್ಟೆ. ಬೇಡದಿದ್ದರೂ ಎರಡು ಮೊಳ ಮಲ್ಲಿಗೆ ಕೊಂಡೆ. ನಿಮ್ಮತ್ತೆ ಇವತ್ತೇನು ವಿಶೇಷ ಅಂದಳು.

ಬುದ್ಧಿ ಹೇಳೋಕೆ ನನಗೇನು ಯೋಗ್ಯತೆ. ಆದರೂ ಒಂದೆರಡು. ನಿಮ್ಮ ಹಾಡುಗಳಲ್ಲಿ ಯಾವ ಭಾಗ ಯಾರು ಕಟ್ಟಿದ್ದು ಅಂತ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ, ತಾರೀಖು ಹಾಕಿ, ಹೋದವನದ್ದೂ ಸೇರಿಸಿ. ದುಡ್ಡಿನ ಮಾತು ಬಂದಾಗ ಸ್ನೇಹ ನೆನಪಿರಲ್ಲ. ರಘು ದೀಕ್ಷಿತ್ ನಮ್ಮ ಮೈಸೂರಿನವರೇ, ಷರೀಫರ ತತ್ವಪದ ಗಿಟಾರಿಗೆ ಕೂಡಿಸಿದವರು. ಅವರು ತಮ್ಮ ಬ್ಯಾಂಡಿಗೆ ಪ್ರಾಜೆಕ್ಟ್ ಅಂತಲೇ ಹೆಸರಿಟ್ಟರು, ಕಲಾವಿದರು ಬಂದು ಹೋಗೋ ತೆರೆದ ಮನೆ ಅಂತ ಮೊದಲೇ ಸಾರಿದರು. ಬಾಗಿಲು ತೆರೆದಿದೆ ಅಂತ ಮುಂಚೆಯೇ ಗೊತ್ತಿದ್ದರೆ ಹೋಗೋನಿಗೂ ಅಷ್ಟು ನೋವಿರಲ್ಲವೇನೋ. ನಿಮಗೆ ಅದು ಹೊಂದುತ್ತೋ ಇಲ್ಲವೋ, ಕೂತು ಮಾತಾಡಿಕೊಳ್ಳಿ. ಇನ್ನೊಂದು, ಪ್ರಾಕ್ಟೀಸ್ ಮುಗಿಸಿ ರಾತ್ರಿ ಹನ್ನೊಂದಕ್ಕೆ ಗೋಬಿ ಮಂಚೂರಿ ತಿನ್ನೋದು ಬಿಡು. ಇದು ಬ್ಯಾಂಡಿಗೆ ಸಂಬಂಧಪಟ್ಟದ್ದಲ್ಲ.

ನಾಳೆ ನಿನ್ನನ್ನ ಬದಲಾಯಿಸಲ್ಲ ಅಂತ ನಾನು ಹೇಗೆ ಬರೆಯಲಿ? ಬದಲಾಯಿಸಬಹುದು. ನೀನೇ ಬಿಡಬಹುದು. ಮುಖಕ್ಕೆ ಹೇಳಿ ಕಳಿಸಲಿ ಅಂತ ಮಾತ್ರ ಬೇಡಿಕೊಳ್ತೀನಿ. ನಿಮ್ಮ ಹುಡುಗನಿಗೆ ಯಾರಾದರೂ ಹೇಳಿ ಕಳಿಸಿದಿರಾ, ಅಥವಾ ಅವನೇ ಹೋದನಾ? ಅದನ್ನ ನೀನು ಬರೆದಿಲ್ಲ. ಹೇಗೇ ಆಗಿರಲಿ, ಅವನ ನಂಬರ್ ನಿನ್ನ ಫೋನಲ್ಲಿರುತ್ತೆ. ಏನು ಮಾತಾಡೋದು ಅಂತ ತೋಚದಿದ್ದರೆ, ಹೊಸಬ ನಿಮ್ಮ ಹಾಡಿನ ನಡುವೆ ಹೇಗೆ ಬಾರಿಸ್ತಾನೆ ಅಂತ ಹೇಳು. ಅವನು ಬೈಯ್ತಾನೆ. ಬೈಲಿ.

ಮುಂದಿನ ಪ್ರೋಗ್ರಾಂ ಯಾವತ್ತು ಅಂತ ಬರೆ. ಚಾಮುಂಡಿ ಎಕ್ಸ್‌ಪ್ರೆಸ್ಸಿಗೆ ಬೆಳಿಗ್ಗೆಯೇ ಹೊರಟುಬರ್ತೀನಿ. ಸ್ಪೀಕರ್ ಪಕ್ಕ ಕೂರಿಸಬೇಡ, ಎಡಗಿವಿ ಮೊದಲೇ ಸರಿ ಇಲ್ಲ.

ನಿನ್ನ ಮಾಮ