ಸಪುಮಲ್ ಗೆದ್ದ, ಆದರೆ ಅಳಿಸಲಿಲ್ಲ

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ಶ್ರೀಲಂಕಾದ ಉತ್ತರ ತುದಿಯ ಜಾಫ್ನಾ ಕುರಿತ ಲೇಖನದಲ್ಲಿ, ದಕ್ಷಿಣದ ಸಿಂಹಳ ರಾಜ್ಯ ಕೋಟ್ಟೆಯ ರಾಜಕುಮಾರ ಸಪುಮಲ್ 1450ರ ಸುಮಾರಿಗೆ ಅಲ್ಲಿನ ತಮಿಳು ಅರಸೊತ್ತಿಗೆಯನ್ನು ‘ಅಳಿಸಿಹಾಕಿದ’ ಎಂದಿದೆ. ಗೆದ್ದದ್ದು ನಿಜ. ಆದರೆ ಆ ಗೆಲುವು ಬಾಳಿದ್ದು ಹದಿನೇಳೇ ವರ್ಷ.

ಕೋಟ್ಟೆಯ ದೊರೆ ಆರನೇ ಪರಾಕ್ರಮಬಾಹು ತನ್ನ ಸಾಕುಮಗನಾದ ಸಪುಮಲ್‌ನನ್ನು ಉತ್ತರಕ್ಕೆ ಕಳಿಸಿದ್ದು ಎರಡು ಸಲ. ಮೊದಲ ಸಲ ಕೆಲವು ಊರುಗಳನ್ನು ಸೂರೆಮಾಡಿ, ಸೆರೆಯಾಳುಗಳೊಂದಿಗೆ ಹಿಂದಿರುಗಿದ; ರಾಜಧಾನಿ ಕೈಸೇರಿದ್ದು ಎರಡನೆಯ ದಂಡಯಾತ್ರೆಯಲ್ಲಿ. ಸಿಂಹಳದ ‘ರಾಜಾವಳಿಯ’ ಎಂಬ ಚರಿತ್ರೆಗ್ರಂಥ, ಜಾಫ್ನಾದ ಅರಸ ಸತ್ತನೆನ್ನುತ್ತದೆ. ತಮಿಳಿನ ‘ಯಾಳ್ಪಾಣ ವೈಪವ ಮಾಲೈ’ ಪ್ರಕಾರ ಆ ಅರಸ, ಕನಕಸೂರ್ಯ ಸಿಂಗೈ ಆರಿಯನ್, ಮಕ್ಕಳೊಂದಿಗೆ ಭಾರತಕ್ಕೆ ಪಲಾಯನ ಮಾಡಿದ. 1467ರಲ್ಲಿ ಮರಳಿ ಗದ್ದುಗೆ ಏರಿದವನು ಅದೇ ಕನಕಸೂರ್ಯನಾದ್ದರಿಂದ ತಮಿಳು ಗ್ರಂಥದ ಮಾತೇ ಸರಿ.

ಅವನಿಗೆ ದಾರಿ ತೆರೆದದ್ದು ಯುದ್ಧವಲ್ಲ, ಕೋಟ್ಟೆಯ ಮನೆಜಗಳ. ಪರಾಕ್ರಮಬಾಹು ತೀರಿಕೊಂಡಾಗ ಪಟ್ಟ ಮೊಮ್ಮಗನ ಪಾಲಾಯಿತು. ಸಪುಮಲ್ ಜಾಫ್ನಾ ಬಿಟ್ಟು ದಕ್ಷಿಣಕ್ಕೆ ಇಳಿದ, ಮೊಮ್ಮಗನನ್ನು ಕೊಂದು ಆರನೇ ಭುವನೇಕಬಾಹು ಆದ. ಸಿಂಹಳ ಸೀಮೆಯಲ್ಲೇ ದಂಗೆ ಎದ್ದಿತು. ದಂಗೆಕೋರರಿಗೆ ಕ್ಷಮೆ ಕೊಟ್ಟ ಅವನ ದೆಡಿಗಮ ಶಾಸನವೇ ಇದಕ್ಕೆ ಸಾಕ್ಷಿ. ಉತ್ತರದ ಕಡೆ ತಿರುಗಿ ನೋಡುವ ಪುರಸೊತ್ತು ಎಲ್ಲಿಂದ ಬರಬೇಕು?

ಈ ದಂಡಯಾತ್ರೆಯನ್ನು ಸಿಂಹಳ–ತಮಿಳು ಹಗೆಯ ಮೊದಲ ಅಧ್ಯಾಯ ಎಂದು ಲೇಖನದಲ್ಲಿ ಬರೆದದ್ದೂ ಒಪ್ಪುವಂಥದ್ದಲ್ಲ. ಪೋರ್ಚುಗೀಸ್ ಇತಿಹಾಸಕಾರ ಕೂಟೊ ಹೇಳುವಂತೆ ಸಪುಮಲ್‌ನ ತಂದೆ ಭಾರತದ ಕರಾವಳಿಯಿಂದ ಬಂದವನು. ತಮಿಳರು ಅವನನ್ನು ಚೆಂಬಗ ಪೆರುಮಾಳ್ ಎಂದರು. ಎರಡೂ ಹೆಸರಿನಲ್ಲಿರುವುದು ನಮ್ಮ ಮಲ್ಲೇಶ್ವರದ ರಸ್ತೆಗಿರುವ ಸಂಪಿಗೆಯೇ! ವಿಜಯನಗರದ ಪ್ರಸ್ತಾಪವೂ ಲೇಖನದಲ್ಲಿಲ್ಲ. 1443ರಲ್ಲಿ ಪರ್ಷಿಯದ ರಾಯಭಾರಿ ಅಬ್ದುರ್ ರಜಾಕ್ ಹಂಪೆಯಲ್ಲಿದ್ದಾಗ, ಅಲ್ಲಿನ ದಂಡನಾಯಕ ಸಿಂಹಳದ ಗಡಿಯತ್ತ ನೌಕಾಯಾನ ಹೋಗಿದ್ದನೆಂದು ಬರೆದಿದ್ದಾನೆ. ಆ ದಂಡನಾಯಕ ‘ಶಿವತತ್ವಚಿಂತಾಮಣಿ’ ಬರೆದ ಲಕ್ಕಣ್ಣ ದಂಡೇಶನೇ ಎಂದು ಇತಿಹಾಸಕಾರರು ಗುರುತಿಸಿದ್ದಾರೆ.

ಇನ್ನು ಚಿತ್ರದ ಅಡಿಬರಹ. ‘ಸಪುಮಲ್ ಕಟ್ಟಿಸಿದ ನಲ್ಲೂರು ಕಂದಸ್ವಾಮಿ ಗುಡಿ’ ಎಂದು ತೋರಿಸಿರುವ ಕಟ್ಟಡ ಅವನ ಕಾಲದ್ದಲ್ಲ. ಹಳೆಯ ಗುಡಿಯನ್ನು ಪೋರ್ಚುಗೀಸರು 1620ರ ದಶಕದಲ್ಲಿ ಕೆಡವಿದರು. ಈಗಿನದು ಡಚ್ಚರ ಕಾಲದಲ್ಲಿ, 1734ರಲ್ಲಿ, ಬೇರೆ ಜಾಗದಲ್ಲಿ ಎದ್ದದ್ದು. ಆದರೂ ಅಲ್ಲಿ ಮುರುಗನ ಮುಂದೆ ಕೂಗುವ ಕಟ್ಟಿಯಂನಲ್ಲಿ, ಅಂದರೆ ನಮ್ಮ ಬಹುಪರಾಕಿನಲ್ಲಿ, ಭುವನೇಕಬಾಹುವಿನ ಹೆಸರು ಇಂದಿಗೂ ಕೇಳಿಬರುತ್ತದೆ.

– ಇತಿಹಾಸಾಸಕ್ತರು, ಮಲ್ಲೇಶ್ವರ, ಬೆಂಗಳೂರು