ಕೃತಕ ಬುದ್ಧಿಮತ್ತೆಯ ಪ್ರಾಜೆಕ್ಟ್‌ಗಳು ಗ್ರೇಡಿಂಗ್ ಮೇಜಿನವರೆಗೂ ಬರಲಿ

ಮಾನ್ಯ ಸಂಪಾದಕರೇ,

ಉಡುಪಿ ಜಿಲ್ಲೆಯ ಗೇರುಬೀಜ ಕಾರ್ಖಾನೆಯೊಂದರಲ್ಲಿ ಹೊಸದಾಗಿ ಸೇರುವವರಿಗೆ ಕೆಲಸ ಕಲಿಸುವ ಹೊಣೆ ಹೊತ್ತು ನನಗೆ ಹತ್ತೊಂಬತ್ತು ವರ್ಷಗಳಾದವು. ಎಂಬಿಎ ಮತ್ತು ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿಗಳು ಪ್ರಾಜೆಕ್ಟ್‌ಗೆಂದು ನಮ್ಮಲ್ಲಿಗೆ ಬರುವುದು ಹೊಸತಲ್ಲ. ಆದರೆ ಈಚಿನ ವರ್ಷಗಳಲ್ಲಿ ಅವರು ಹೊತ್ತು ತರುವ ವಿಷಯ ಬಹುತೇಕ ಒಂದೇ ಆಗಿದೆ: ಉದ್ಯೋಗಿಗಳ ತರಬೇತಿಯಲ್ಲಿ ಕೃತಕ ಬುದ್ಧಿಮತ್ತೆಯ ಪಾತ್ರ. ವಿಷಯ ಒಳ್ಳೆಯದೇ, ಅಗತ್ಯವೂ ಹೌದು. ನನ್ನ ತಕರಾರು ಇರುವುದು ಅಧ್ಯಯನ ನಡೆಯುವ ಬಗೆಯ ಕುರಿತು.

ಕಳೆದ ವರ್ಷ ಬಂದ ವಿದ್ಯಾರ್ಥಿಯೊಬ್ಬ ಇಪ್ಪತ್ತೈದು ಪ್ರಶ್ನೆಗಳ ಗೂಗಲ್ ಫಾರ್ಮ್‌ನ ಲಿಂಕನ್ನು ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, ನೂರು ಉತ್ತರ ಬಂದರೆ ಸಾಕು ಎಂದು ಹೇಳಿ ಹೋದ. ಪ್ರಶ್ನೆಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಗೇರು ತಿರುಳನ್ನು ದರ್ಜೆವಾರು ಆರಿಸುವ ನಮ್ಮ ಗ್ರೇಡಿಂಗ್ ವಿಭಾಗದ ಹೆಂಗಸರಲ್ಲಿ ಹೆಚ್ಚಿನವರು ಮನೆಯಲ್ಲಿ ತುಳು ಆಡುವವರು, ಕನ್ನಡ ಓದಬಲ್ಲವರು; ಅವರಿಗೆ ಆ ಪ್ರಶ್ನೆಗಳು ಅರ್ಥವಾಗುವಂತಿರಲಿಲ್ಲ. ಊಟದ ಬಿಡುವಿನಲ್ಲಿ ಮೇಸ್ತ್ರಿಯೊಬ್ಬರು ತಮ್ಮ ಫೋನಿನಲ್ಲೇ ಒಬ್ಬೊಬ್ಬರ ಹೆಸರು ಹಾಕಿ, ಪ್ರಶ್ನೆ ಓದದೆಯೇ ‘ಒಪ್ಪುತ್ತೇನೆ’ ಎಂದು ಒತ್ತುತ್ತಾ ಹೋದದ್ದನ್ನು ನಾನೇ ಕಂಡೆ. ಕೆಲಸದ ಗಡಿಬಿಡಿಯಲ್ಲಿ ತಡೆಯಲಿಲ್ಲ. ಅದು ನನ್ನ ತಪ್ಪು. ಎರಡು ತಿಂಗಳ ಬಳಿಕ ಬಂದ ಬೈಂಡ್ ಮಾಡಿದ ಪ್ರತಿಯಲ್ಲಿ ಅವೇ ಉತ್ತರಗಳು ಬಣ್ಣದ ಚಾರ್ಟ್‌ಗಳಾಗಿದ್ದವು, ಕೃತಕ ಬುದ್ಧಿಮತ್ತೆಯ ತರಬೇತಿಯಿಂದ ಕಾರ್ಮಿಕರಿಗೆ ತೃಪ್ತಿಯಿದೆ ಎಂಬ ತೀರ್ಮಾನವೂ ಇತ್ತು. ಆ ಹೊತ್ತಿಗೆ ನಮ್ಮಲ್ಲಿ ಅಂಥ ತರಬೇತಿ ಆರಂಭವೇ ಆಗಿರಲಿಲ್ಲ.

ತರಬೇತಿಯ ಫಲವನ್ನು ಅಳೆಯಲು ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಅವರು 1959ರಲ್ಲಿ ನಾಲ್ಕು ಹಂತಗಳನ್ನು ಹೇಳಿದರು: ಕಲಿತವರಿಗೆ ಹೇಗನ್ನಿಸಿತು, ಅವರು ಏನನ್ನು ಕಲಿತರು, ಕೆಲಸದ ರೀತಿಯಲ್ಲಿ ಏನು ಬದಲಾಯಿತು, ಅದರಿಂದ ಸಂಸ್ಥೆಗೆ ಆದ ಪ್ರಯೋಜನವೇನು. ನಾನು ಓದಿರುವ ಪ್ರಾಜೆಕ್ಟ್ ವರದಿಗಳಲ್ಲಿ ಹೆಚ್ಚಿನವು ಮೊದಲನೆಯ ಹಂತವನ್ನು ದಾಟಿಲ್ಲ. ಇದೇ ವಿಷಯದ ಮೇಲೆ ಅಮೆರಿಕದ ಅರ್ಥಶಾಸ್ತ್ರಜ್ಞ ಎರಿಕ್ ಬ್ರಿನ್ಯೋಲ್ಫ್‌ಸನ್ ಮತ್ತು ಅವರ ಇಬ್ಬರು ಸಂಗಡಿಗರು 2023ರಲ್ಲಿ ಹೊರತಂದ ಪ್ರಬಂಧವನ್ನು ನೋಡಿ. ಸಾಫ್ಟ್‌ವೇರ್ ಕಂಪನಿಯೊಂದರ 5,179 ಗ್ರಾಹಕ ಸೇವಾ ಸಿಬ್ಬಂದಿಯನ್ನು ಗಮನಿಸಿದ ಅವರು ಯಾರ ಅಭಿಪ್ರಾಯವನ್ನೂ ನೆಚ್ಚಿಕೊಳ್ಳದೆ, ಪ್ರತಿಯೊಬ್ಬರೂ ಗಂಟೆಗೆ ಎಷ್ಟು ಸಮಸ್ಯೆ ಬಗೆಹರಿಸಿದರು ಎಂಬುದನ್ನೇ ಲೆಕ್ಕಕ್ಕೆ ಹಿಡಿದರು. ಕೃತಕ ಬುದ್ಧಿಮತ್ತೆಯ ನೆರವು ಸಿಕ್ಕ ಮೇಲೆ ಸರಾಸರಿ ಶೇ 14ರಷ್ಟು, ಹೊಸಬರು ಮತ್ತು ಕಡಿಮೆ ಕೌಶಲದವರಲ್ಲಿ ಶೇ 34ರಷ್ಟು ಹೆಚ್ಚಳ ಕಂಡಿತು. ಪಳಗಿದವರಲ್ಲಿ ಅಂಥ ವ್ಯತ್ಯಾಸವೇನೂ ಆಗಲಿಲ್ಲ. ಕೆಲಸ ಬಲ್ಲವರ ಜಾಣ್ಮೆಯೇ ಯಂತ್ರದ ಮೂಲಕ ಹೊಸಬರಿಗೆ ಹರಿದಿರಬೇಕು ಎಂಬುದು ಅವರ ವಿವರಣೆ. ಹೊಸಬರಿಗೆ ಕಲಿಸುವುದನ್ನೇ ಕಸುಬಾಗಿಸಿಕೊಂಡ ನನ್ನಂಥವಳಿಗೆ ಇದಕ್ಕಿಂತ ಮುಖ್ಯವಾದ ಸಂಗತಿ ಇಲ್ಲ. ಆದರೆ ಕಂಪ್ಯೂಟರಿನ ಮುಂದೆ ಕುಳಿತು ಮಾಡುವ ಕೆಲಸದಲ್ಲಿ ಕಂಡದ್ದು ಬೆರಳ ತುದಿಯಲ್ಲಿ ನಡೆಯುವ ಕೆಲಸಕ್ಕೂ ಅನ್ವಯಿಸುತ್ತದೆಯೇ ಎಂಬುದನ್ನು ಇಲ್ಲೇ ಪರೀಕ್ಷಿಸಿ ತಿಳಿಯಬೇಕು.

ಈ ವರ್ಷ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿನಿ ಅದನ್ನೇ ಮಾಡಿದಳು. ಗೇರು ತಿರುಳಿನ ದರ್ಜೆ ಎಣಿಕೆಯ ಮೇಲೆ ನಿಂತಿದೆ. ಒಂದು ಪೌಂಡಿಗೆ, ಅಂದರೆ ಸುಮಾರು 454 ಗ್ರಾಂ ತೂಕಕ್ಕೆ, 300ರಿಂದ 320 ಇಡೀ ತಿರುಳುಗಳು ಬಂದರೆ ಅದು ಡಬ್ಲ್ಯು 320. ಕ್ಯಾಮೆರಾಕ್ಕೆ ತಿರುಳು ತೋರಿಸಿದರೆ ದರ್ಜೆ ಹೇಳುವ, ಕೇಳಿದ್ದಕ್ಕೆ ಕನ್ನಡದಲ್ಲಿ ಉತ್ತರಿಸುವ ಆ್ಯಪ್ ಒಂದನ್ನು ಅವಳು ತಾನೇ ಸಿದ್ಧಪಡಿಸಿ ತಂದಿದ್ದಳು. ಹೊಸದಾಗಿ ಸೇರಿದ ಆರು ಮಂದಿಯಲ್ಲಿ ಮೂವರು ಆ್ಯಪ್‌ನಿಂದ ಕಲಿತರು, ಮೂವರು ಹಿರಿಯ ಅಕ್ಕಂದಿರ ಪಕ್ಕದಲ್ಲಿ ಕುಳಿತು ಕಲಿತರು. ಹನ್ನೆರಡು ದಿನವೂ ಸಂಜೆ ಪ್ರತಿಯೊಬ್ಬರ ತಟ್ಟೆಯಿಂದ ಒಂದು ಕಿಲೋ ತೆಗೆದು, ಅನುಭವಿಯೊಬ್ಬರಿಂದ ಮತ್ತೆ ಆರಿಸಿ, ತಪ್ಪಿ ಸೇರಿದ ತಿರುಳುಗಳನ್ನು ಎಣಿಸಿ ಬರೆದಿಟ್ಟಳು. ಇಡೀ ತಿರುಳು ಮತ್ತು ಹೋಳಿನ ವ್ಯತ್ಯಾಸವನ್ನು ಆ್ಯಪ್ ಬೇಗನೆ ಕಲಿಸಿತು. ಆದರೆ ಡಬ್ಲ್ಯು 240 ದರ್ಜೆಗೂ ಡಬ್ಲ್ಯು 320ಕ್ಕೂ ನಡುವಿನ ಅಂತರ ಅಂಗೈಗೆ ತಿಳಿಯಬೇಕಾದದ್ದು. ಅಲ್ಲಿ ಅಕ್ಕಂದಿರ ಬಳಿ ಕಲಿತವರೇ ಮುಂದಿದ್ದರು. ಇನ್ನೊಂದು ಸಂಗತಿ ಅವಳಿಗೆ ಮೇಜಿನ ಬಳಿ ಕುಳಿತದ್ದರಿಂದಲೇ ತಿಳಿಯಿತು. ಆ್ಯಪ್ ಹೋಳಿಗೆ ‘ವಿಭಜನೆಗಳು’ ಎಂದು ಬರೆಯುತ್ತಿತ್ತು. ಹೆಂಗಸರು ಆ ಪುಟ ಬಂದ ಕೂಡಲೇ ಫೋನ್ ಕೆಳಗಿಡುತ್ತಿದ್ದರು. ಅವಳು ‘ಹೋಳು’ ಎಂದು ತಿದ್ದಿದ ಮರುದಿನದಿಂದ ಓದತೊಡಗಿದರು.

ಆರು ಮಂದಿಯಿಂದ ದೊಡ್ಡ ತೀರ್ಮಾನಕ್ಕೆ ಬರಲಾಗದು ಎಂದು ಅವಳೇ ವರದಿಯಲ್ಲಿ ಬರೆದಿದ್ದಾಳೆ. ಆದರೆ ಮೌಖಿಕ ಪರೀಕ್ಷೆಯಲ್ಲಿ ಅವಳಿಗೆ ಸಿಕ್ಕ ಮಾತು, ನೂರು ಮಂದಿ ತುಂಬಿದ ಪ್ರಶ್ನಾವಳಿಯಾದರೂ ಇರಬೇಕಿತ್ತು ಎಂಬುದು. ಇದನ್ನು ಕೇಳಿ ನನಗೆ ತುಂಬಾ ಬೇಸರವಾಯಿತು. ಓದದೆ ಒತ್ತಿದ ನೂರು ಉತ್ತರಕ್ಕೆ ಸಿಗುವ ಬೆಲೆ ಎಣಿಸಿ ನೋಡಿದ ಆರು ತಟ್ಟೆಗಳಿಗೆ ಏಕಿಲ್ಲ?

ಕೊಣಾಜೆ, ಸುರತ್ಕಲ್, ಮಣಿಪಾಲ, ನಿಟ್ಟೆ ಎಂದು ವಿದ್ಯಾಕೇಂದ್ರಗಳು ಸಾಲಾಗಿರುವ, ಅಷ್ಟೇ ಹತ್ತಿರದಲ್ಲಿ ಬಂದರು, ಬೈಕಂಪಾಡಿಯ ಕೈಗಾರಿಕೆಗಳು, ಗೇರುಬೀಜದ ಕಾರ್ಖಾನೆಗಳಿರುವ ಈ ಕರಾವಳಿಯಲ್ಲಿ ಇಂಥ ಅಧ್ಯಯನಕ್ಕೆ ಜಾಗದ ಕೊರತೆಯಿಲ್ಲ. ಉತ್ತರಗಳ ಕನಿಷ್ಠ ಸಂಖ್ಯೆಯ ನಿಯಮವನ್ನು ಸಡಿಲಿಸಿ, ಕೆಲಸದ ಜಾಗದಲ್ಲಿ ಕಳೆದ ದಿನಗಳಿಗೆ ಮತ್ತು ತರಬೇತಿಗೆ ಮುಂಚೆ, ಆಮೇಲೆ ಮಾಡಿದ ಅಳತೆಗೆ ಅಂಕ ಕೊಡಬೇಕೆಂದು ಪ್ರಾಧ್ಯಾಪಕರಲ್ಲಿ ಕೋರುತ್ತೇನೆ. ವರದಿಯ ಸಾರವನ್ನು ಒಂದು ಪುಟದ ಕನ್ನಡದಲ್ಲಿ ಕಾರ್ಮಿಕರಿಗೆ ಓದಿ ಹೇಳುವುದೂ ಪ್ರಾಜೆಕ್ಟ್‌ನ ಭಾಗವಾಗಲಿ. ನಮ್ಮಂಥ ಕಾರ್ಖಾನೆಯವರೂ ಸಹಿ, ಸೀಲು ಹಾಕಿ ಕಳುಹಿಸುವುದನ್ನು ಬಿಟ್ಟು ವಿದ್ಯಾರ್ಥಿಗೆ ಮೇಜಿನ ಬಳಿ ಒಂದು ಸ್ಟೂಲು ಹಾಕಿಕೊಡಬೇಕು.

ಒಪ್ಪಿಗೆಯ ವಿಚಾರವೂ ಇದೆ. ವೈಯಕ್ತಿಕ ದತ್ತಾಂಶದ ರಕ್ಷಣೆಗೆ 2023ರಲ್ಲಿ ಕಾಯ್ದೆಯೇ ಬಂದಿದೆ. ಆ್ಯಪ್‌ಗಾಗಿ ಇಪ್ಪತ್ತಾರು ವರ್ಷ ಅನುಭವದ ಅಕ್ಕ ಒಬ್ಬರ ವಿವರಣೆಯನ್ನು ಧ್ವನಿಮುದ್ರಿಸಿಕೊಂಡ ದಿನ ಅವರು ನನ್ನನ್ನು ಕೇಳಿದರು: “ಮೇಡಂ, ನನ್ನ ಮಾತು ಇನ್ನು ಯಾರ ಯಾರ ಫೋನಿಗೆ ಹೋಗ್ತದೆ?” ನನ್ನಲ್ಲಿ ಉತ್ತರವಿರಲಿಲ್ಲ, ವಿದ್ಯಾರ್ಥಿನಿಯ ಕಾಲೇಜು ಕೊಟ್ಟ ಒಪ್ಪಿಗೆಯ ನಮೂನೆಯಲ್ಲೂ ಇರಲಿಲ್ಲ. ಮುಂದಿನ ತಂಡ ಬರುವ ಮೊದಲು ಆ ನಮೂನೆಯಲ್ಲಿ ಇದಕ್ಕೊಂದು ಸಾಲು ಸೇರಲಿ, ಅದು ಕನ್ನಡದಲ್ಲಿರಲಿ.

ಇಂತಿ,
ತರಬೇತಿ ಮೇಲ್ವಿಚಾರಕಿ,
ಗೇರುಬೀಜ ಕಾರ್ಖಾನೆ, ಉಡುಪಿ ಜಿಲ್ಲೆ