ರಿಯಾಯಿತಿಯ ಗದ್ದಲದಲ್ಲಿ ಗೋದಲಿಯ ಶಿಶು

ಮಾನ್ಯರೇ,

ಡಿಸೆಂಬರ್ ಕಾಲಿಟ್ಟರೆ ಸಾಕು, ಮೊಬೈಲ್ ತೆರೆದಾಗಲೆಲ್ಲ ಕ್ರಿಸ್‌ಮಸ್ ರಿಯಾಯಿತಿಯ ಜಾಹೀರಾತು. ಭಾನುವಾರ ಶಾಲೆಯಲ್ಲಿ ಮಕ್ಕಳಿಗೆ ಬೈಬಲ್ ಪಾಠ ಹೇಳುವ ನನಗೆ ಇದು ಕಿರಿಕಿರಿಯ ಕಾಲ. ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯವಾದ ಗೋದಲಿಯ ಚಿತ್ರ ಬರೆಯಿರಿ ಎಂದರೆ, ಹುಡುಗನೊಬ್ಬ ಮರಿಯಮ್ಮ ಮತ್ತು ಯೋಸೇಫರ ನಡುವೆ ಸಾಂತಾಕ್ಲಾಸನನ್ನು ಕೂರಿಸಿ, ಜಾಗ ಸಾಲದೆ ಶಿಶುವನ್ನೇ ಬಿಟ್ಟುಬಿಟ್ಟಿದ್ದ. ಅವನನ್ನು ಬೈದು ಏನು ಫಲ? ಕಂಡದ್ದನ್ನು ಬರೆದಿದ್ದಾನೆ.

ಸಾಂತಾನ ಮೇಲೆ ನನಗೇನೂ ಮುನಿಸಿಲ್ಲ. ಅವನ ಮೂಲವಾದ ಸಂತ ನಿಕೋಲಸರು 4ನೇ ಶತಮಾನದಲ್ಲಿ ಈಗಿನ ಟರ್ಕಿಯಲ್ಲಿರುವ ಮೈರಾದ ಬಿಷಪ್ ಆಗಿದ್ದವರು. ಬಡವರಿಗೆ ಗುಟ್ಟಾಗಿ ಕೊಡುತ್ತಿದ್ದರೆಂದು ಐತಿಹ್ಯ. ಅಸ್ಸಿಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಗೋದಲಿ ಸಿದ್ಧಪಡಿಸಿದಾಗ ಇದ್ದದ್ದು ಹುಲ್ಲು, ಒಂದು ಎತ್ತು, ಒಂದು ಕತ್ತೆ. ಈಗ ಗೋದಲಿಗೂ ದೀಪಾಲಂಕಾರದ ಪೈಪೋಟಿ. ಚರ್ಚಿನವರಾದ ನಾವೂ ಇದಕ್ಕೆ ಹೊರತಲ್ಲ.

ಮಾರುಕಟ್ಟೆಗೆ 25ರ ರಾತ್ರಿಯೇ ಹಬ್ಬ ಮುಗಿಯುತ್ತದೆ. ಚರ್ಚಿನ ಪಂಚಾಂಗದಲ್ಲಿ ಕ್ರಿಸ್‌ಮಸ್ ಕಾಲ ಆಗಷ್ಟೇ ಶುರು. ಅದಕ್ಕೂ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲ ಪ್ರಾರ್ಥನೆ ಮತ್ತು ಪಶ್ಚಾತ್ತಾಪಕ್ಕೆಂದೇ ಇರುವುದು. ಖರೀದಿಯ ಭರಾಟೆ ನುಂಗಿರುವುದು ಆ ದಿನಗಳನ್ನೇ.

ಪೋಷಕರಲ್ಲಿ ಒಂದು ಕೋರಿಕೆ. ಉಡುಗೊರೆ ಬಿಚ್ಚುವ ಮುನ್ನ ಲೂಕನ ಸುವಾರ್ತೆಯ ಎರಡನೇ ಅಧ್ಯಾಯದಲ್ಲಿ ಯೇಸುವಿನ ಜನನವನ್ನು ಹೇಳುವ ಮೊದಲ 20 ವಚನಗಳನ್ನು ಮನೆಮಂದಿಯೆಲ್ಲ ಕೂತು ಗಟ್ಟಿಯಾಗಿ ಓದಿ. ಐದು ನಿಮಿಷ ಸಾಕು. ಓದುವ ಕೆಲಸವನ್ನು ಮಕ್ಕಳಿಗೇ ಬಿಡಿ. ದೊಡ್ಡವರು ಮೊಬೈಲ್ ಪಕ್ಕಕ್ಕಿಟ್ಟು ಕೇಳಿಸಿಕೊಳ್ಳಲಿ.

– ಭಾನುವಾರ ಶಾಲೆಯ ಶಿಕ್ಷಕಿ